ಆರು ರೂಪಾಯಿಯ ಈರುಳ್ಳಿ

ಗುಬ್ಬಿ ಮಾರ್ಕೆಟ್ಟಿನ ಸೂರಿನಡಿ ನೇತುಹಾಕಿದ್ದ ಕಪ್ಪು ಹಲಗೆಯಲ್ಲಿ ಎರಡು ವರ್ಷದಿಂದ ಈರುಳ್ಳಿ ಕಿಲೋಗೆ ಆರೇ ರೂಪಾಯಿ. ಹಾಗೆ ಬರೆದವರು ಪಟ್ಟಣ ಪಂಚಾಯಿತಿಯ ಗುಮಾಸ್ತ ಲಕ್ಷ್ಮೀಕಾಂತ್. ಬೆಳಿಗ್ಗೆ ಚೇಳೂರು ಬಸ್ಸಿನಲ್ಲಿ ತರಕಾರಿ ಮೂಟೆ ತರುವ ರೈತರನ್ನು ವಿಚಾರಿಸಿಯೇ ಅವರು ಅಂದಿನ ದರ ಬರೆಯುತ್ತಿದ್ದರು. ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ಯಾವ ಅಂಗಡಿಯವನಿಗೂ ಇರಲಿಲ್ಲ. ಮನೆಗೆ ಬಂದರೆ ಅಂಗಿಯ ತೋಳೆಲ್ಲ ಸೀಮೆಸುಣ್ಣ. “ನನ್ನ ಸೀರೆಗೆ ಹತ್ತಿಸ್ಬೇಡಿ” ಎಂದು ಹೆಂಡತಿ ಶಶಿರೇಖಾ ರೇಗುತ್ತಿದ್ದಳು.

ಅವರು ತೀರಿಕೊಂಡ ಮೇಲೆ ಹಲಗೆಯಲ್ಲಿ ಯಾರೂ ಬರೆಯಲಿಲ್ಲ. ಶಶಿರೇಖಾ ತರಕಾರಿಯ ನೆಪದಲ್ಲಿ ದಿನವೂ ಬಂದು ಆ ದುಂಡನೆಯ ಆರನ್ನು ಕಣ್ತುಂಬ ನೋಡಿ ಹೋಗುತ್ತಿದ್ದಳು. ಅದನ್ನು ಒರೆಸಲು ಹೋದ ಹೂವಾಡಗಿತ್ತಿಯ ಜೊತೆ ಒಮ್ಮೆ ಜಗಳವನ್ನೂ ಆಡಿದ್ದಳು.

ತೊಂಬತ್ತೆಂಟರಲ್ಲಿ ಈರುಳ್ಳಿ ನಲವತ್ತು ದಾಟಿತು. ಜನ ಗಲಾಟೆ ಮಾಡಿದ ಮೇಲೆ ದರ ಬರೆಯಲು ಹೊಸ ಗುಮಾಸ್ತ ಗಂಗರಾಜು ಬಂದ. ಒದ್ದೆ ಬಟ್ಟೆ ಎತ್ತಿದವನು ಶಶಿರೇಖಾಳ ಮುಖ ಕಂಡು ನಿಂತುಬಿಟ್ಟ.

“ಒರೆಸ್ಲೇನಮ್ಮಾ?”

“ಮುಟ್ಬೇಡ!” ಎಂದು ಗದರಿದಳು. ಹಿಂದೆ ಖಾಲಿ ಚೀಲ ಹಿಡಿದ ಹೆಂಗಸರು ಕಾಯುತ್ತ ನಿಂತಿದ್ದರು. ಅವರನ್ನು ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ತಾನೇ ಮೆಲ್ಲಗೆ ಆ ಆರನ್ನು ಒರೆಸಿದಳು.

ಗಂಗರಾಜು ಬರೆಯಲು ಕೈ ಎತ್ತಿದ.

“ತಡಿಯಪ್ಪಾ,” ಎಂದಳು, ಸುಣ್ಣ ಹತ್ತಿದ ಸೆರಗನ್ನು ಮುಷ್ಟಿಯಲ್ಲಿ ಹಿಡಿದು. “ಅವರು ಕೇಳ್ದೆ ಬರೀತಿರ್ಲಿಲ್ಲ. ಚೇಳೂರು ಬಸ್ ಬಂದಿದೆ, ಹೋಗಿ ವಿಚಾರಿಸ್ಕೊಂಡು ಬಾ.”