ಗಂಧಕದ ಅಚ್ಚು

ಮೇಜಿನ ಮೇಲೆ ಹರಡಿದ ಕಾಗದದಲ್ಲಿ ಐದು ತೂತುಗಳು ಜಗಳವಾಡಿ ಮಾತು ಬಿಟ್ಟವರಂತೆ ದೂರ ದೂರ ಕೂತಿದ್ದವು. ಕಾಗದ ತಂದವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಒಂದೇ ಗುಂಡಿಗೆ ಬೇಟೆ ಉರುಳಿಸುವವನೆಂದು ಊರೆಲ್ಲ ಅವನನ್ನು ಒಂದೇಟು ಎಂದೇ ಕರೆಯುತ್ತಿತ್ತು. ಕೋವಿ ರಿಪೇರಿಯವನ ಮಗಳಿಗೆ ಮಾತ್ರ ಅವನು ಚಿಕ್ಕಂದಿನಿಂದಲೂ ಮಾವ.

"ಮರಳು ಚೀಲದ ಮೇಲೆ ಕೋವಿ ಒರಗಿಸಿ ಹೊಡೆದಿದ್ದು ಇದು," ಎಂದ. "ಮೊನ್ನೆ ಕಾಡಲ್ಲಿ ಜಿಂಕೆಗೆ ಹಿಂಗಾಲಿಗೆ ಬಿತ್ತು ಕಣೋ. ರಕ್ತ ನೋಡ್ಕೊಂಡು ಸಂಜೆವರೆಗೂ ಹಿಂದೆ ಹೋದೆ. ಸಿಕ್ಕಿದಾಗ ಇನ್ನೂ ಉಸಿರಿತ್ತು. ನನ್ನ ಕಡೇನೇ ನೋಡ್ತಿತ್ತು."

"ಕಣ್ಣು ತೋರಿಸ್ಕೋ ಹೋಗು," ಎಂದ ಅವಳ ಅಪ್ಪ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ. "ಇನ್ನೊಂದು ದಿನ ಜಿಂಕೆ ಅನ್ಕೊಂಡು ಹೆಂಡ್ತಿ ಒಣಗಾಕಿದ ಬಟ್ಟೆಗೆ ಹೊಡೆದುಬಿಟ್ಟೀಯ."

ಒಂದೇಟು ನಗಲಿಲ್ಲ. "ನಂಗೂ ಅದೇ ಅನ್ಸುತ್ತೆ. ಕೋವಿ ನೀನೇ ಇಟ್ಕೋ. ಕಣ್ಣಿರೋನು ಯಾರಾದ್ರೂ ಬಂದ್ರೆ ಕೊಟ್ಬಿಡು. ಇನ್ನು ಸಾಕು."

ಗಿರಾಕಿ ಬಂದರೆ ಲೇತಿನ ಹಿಂದೆ ಸರಿದು ನಿಲ್ಲುವುದು ಮಗಳ ಅಭ್ಯಾಸ. ಅಲ್ಲಿಂದಲೇ ಅವಳು ಕೈ ಚಾಚಿ, ಅವನು ಕಾಗದದ ಜೊತೆ ಸುರಿದಿದ್ದ ಖಾಲಿ ತೋಟೆಗಳಲ್ಲಿ ಒಂದನ್ನು ಎತ್ತಿಕೊಂಡಳು. ಹಿತ್ತಾಳೆಯ ಕೊಳವೆ ಬುಡದ ಹತ್ತಿರ ಉಬ್ಬಿತ್ತು. ಹೊಡೆದ ತೋಟೆ ಸ್ವಲ್ಪ ಹಿಗ್ಗುವುದು ಸಹಜವೇ, ಆದರೆ ಇದು ಊಟ ಜಾಸ್ತಿಯಾದವರ ಹೊಟ್ಟೆಯ ಹಾಗಿತ್ತು. ಇನ್ನೊಂದು ಎತ್ತಿದಳು. ಅದೂ ಹಾಗೆಯೇ.

"ಮಾವ, ಕೋವಿ ಇವತ್ತಿಗೆ ಬಿಟ್ಟು ಹೋಗಿ. ನಾಳೆ ಮಧ್ಯಾಹ್ನ ಬನ್ನಿ," ಎಂದಳು.

ಅವಳ ದನಿ ಕೇಳಿ ಇಬ್ಬರೂ ತಿರುಗಿದರು.

ಮೂರು ತಿಂಗಳ ಹಿಂದೆ ಆ ಕೋವಿಗೆ ಹೊಸ ನಳಿಗೆ ಕೂರಿಸಿದವನು ಅಪ್ಪನೇ. ತೋಟೆ ಹೋಗಿ ಕೂರುವ ಜಾಗಕ್ಕೆ ಪೇಟೆಯವರು ಚೇಂಬರ್ ಎಂದರೂ ಈ ಅಂಗಡಿಯಲ್ಲಿ ಅದು ಗೂಡು. ನಳಿಗೆಯ ಹಿಂಬದಿಯಲ್ಲಿ ಗೂಡು ಕೊರೆಯುವುದು ಅಪ್ಪನ ಕೆಲಸ, ಉಜ್ಜಿ ನಯ ಮಾಡುವುದು ಮಗಳದು. ಆ ವಾರ ಅವಳು ಜ್ವರ ಬಂದು ಮಲಗಿದ್ದಳು. ಎದ್ದು ಬರುವಷ್ಟರಲ್ಲಿ ಕೋವಿ ಹೋಗಿಬಿಟ್ಟಿತ್ತು.

ಅಪ್ಪ ಮಧ್ಯಾಹ್ನದ ನಿದ್ದೆಗೆ ಹೋದಾಗ ಅವಳು ಗಂಧಕ ಕರಗಿಸಿದಳು. ಗೂಡಿನ ಮುಂದೆ ನಳಿಗೆಗೆ ಬಟ್ಟೆ ತುರುಕಿ, ಜೇನಿನಂತಾದ ಗಂಧಕವನ್ನು ಹಿಂಬದಿಯಿಂದ ಹುಯ್ದಳು. ಗಟ್ಟಿಯಾದ ಮೇಲೆ ಸಲಾಕೆಯಿಂದ ತಳ್ಳಿದಾಗ ಗೂಡು ತನ್ನ ಒಳಗಿನ ಆಕಾರವನ್ನೆಲ್ಲ ಹಳದಿ ಅಚ್ಚಾಗಿ ಅವಳ ಅಂಗೈಗೆ ಹಾಕಿತು. ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿದಳು. ಮುಂಭಾಗ ಸರಿಯಾಗಿತ್ತು. ಬುಡ ಮಾತ್ರ ಕೂದಲೆಳೆಯಷ್ಟು ಅಗಲ. ಅಷ್ಟು ಸಾಕು. ಸಡಿಲ ಗೂಡಿನಲ್ಲಿ ತೋಟೆಯ ಬುಡ ತಗ್ಗಿ ಕೂರುತ್ತದೆ, ಗುಂಡು ಓರೆಯಾಗಿಯೇ ನಳಿಗೆಯೊಳಗೆ ನುಗ್ಗುತ್ತದೆ. ಹೊರಟಾಗಲೇ ಓರೆಯಾದದ್ದು ನೂರು ಮಾರು ದೂರದಲ್ಲಿ ಎಲ್ಲಿ ಬೀಳುತ್ತದೋ ಯಾರು ಹೇಳಬೇಕು?

ಅವಳು ಗೂಡು ಕೊರೆಯುವ ರೀಮರನ್ನು ಡ್ರಾಯರಿನಿಂದ ತೆಗೆದಳು. ಅದರ ಹಿಡಿಯ ಕಡೆ ಮೂರು ಹೊಳೆಯುವ ಕಚ್ಚುಗಳಿದ್ದವು, ಯಾವುದೋ ಉಕ್ಕಿನ ಬಾಯಿ ಬಿಗಿಯಾಗಿ ಕಚ್ಚಿ ಹಿಡಿದ ಗುರುತು.

"ಇದನ್ನ ಯಾವತ್ತೂ ಲೇತಿಗೆ ಬಿಗೀಬಾರ್ದು," ಎಂದು ಅವಳ ಹತ್ತನೇ ವಯಸ್ಸಿನಲ್ಲಿ ಹೇಳಿಕೊಟ್ಟವನು ಇದೇ ಅಪ್ಪ. "ಮಗು ಕೈ ಹಿಡಿದ ಹಾಗೆ ಸಡಿಲವಾಗಿ ಹಿಡಿ. ನಳಿಗೆ ತೂತು ಎಲ್ಲಿದೆಯೋ ಅದೇ ಹುಡುಕ್ಕೊಂಡು ಹೋಗುತ್ತೆ. ಬಿಗಿದ್ರೆ, ಲೇತು ಒಂದೆಳೆ ಆಚೀಚೆ ಇದ್ರೂ ಗೂಡಿನ ಬಾಯಿ ಅಗಲ ಮಾಡಿಬಿಡುತ್ತೆ."

ಬಿಗಿದಿದ್ದ. ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ ಕೈಗಳು ಈಗ ಅವಳಿಗೆ ಅರ್ಥವಾದವು. ಚಳಿ ಅಂದುಕೊಂಡಿದ್ದಳು, ದಡ್ಡಿ. ಹೇಳಿದರೆ ಅಪ್ಪನ ನಲವತ್ತು ವರ್ಷದ ಹೆಸರು ಹೋಗುತ್ತದೆ. ಹೇಳದಿದ್ದರೆ ಕಣ್ಣು ನೆಟ್ಟಗಿರುವ ಮನುಷ್ಯ ತಾನು ಕುರುಡನೆಂದು ನಂಬಿಕೊಂಡು ಮನೆಯಲ್ಲಿ ಕೂರುತ್ತಾನೆ.

ಮರುದಿನ ಅವಳು ಏನೂ ಹೇಳದೆ ಅಚ್ಚನ್ನೂ ರೀಮರನ್ನೂ ಅಪ್ಪನ ಟೀ ಲೋಟದ ಪಕ್ಕದಲ್ಲಿಟ್ಟಳು. ಅಪ್ಪ ಅಚ್ಚನ್ನು ಎತ್ತಿ, ಕಣ್ಣು ಮುಚ್ಚಿ, ಬೆರಳುಗಳ ನಡುವೆ ತಿರುಗಿಸಿದ. ಅವನಿಗೆ ಮೈಕ್ರೋಮೀಟರು ಬೇಕಿರಲಿಲ್ಲ.

"ಬುಡ ದಪ್ಪ," ಎಂದ ಕೊನೆಗೆ.

"ಹೂಂ."

"ಕೈ ನಿಲ್ತಿರ್ಲಿಲ್ಲ ಕಣಮ್ಮ. ಬಿಗಿದುಬಿಟ್ರೆ ನಡುಕ ಕಬ್ಬಿಣಕ್ಕೆ ಗೊತ್ತಾಗಲ್ಲ ಅನ್ಕೊಂಡೆ."

"ನಿನ್ನೆ ಮಾವಂಗೆ ಕಣ್ಣು ತೋರಿಸ್ಕೋ ಅಂದ್ಯಲ್ಲಪ್ಪ."

ಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಅವಳು ಲೇತಿನ ಹಿಂದೆ ಸರಿದು ನಿಂತಳು.

ಒಂದೇಟು ಕೂರಲೂ ಇಲ್ಲ. "ಯಾರಾದ್ರೂ ಸಿಕ್ಕಿದ್ರಾ, ಕೋವಿ ತಗೊಳ್ಳೋಕೆ?"

ಅಪ್ಪ ಲೋಟ ಎತ್ತಿದ, ಕುಡಿಯಲಿಲ್ಲ, ಕೆಳಗಿಟ್ಟ. ಟೀ ಸ್ವಲ್ಪ ಚೆಲ್ಲಿತು. ಆಮೇಲೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ, ಗೆಳೆಯನ ಕಣ್ಣೆದುರಿಗೆ, ಹರಡಿದ. ಬೆರಳುಗಳು ತಮ್ಮಷ್ಟಕ್ಕೆ ತಾವು ಕುಣಿಯುತ್ತಿದ್ದವು.

"ನಿನ್ನ ಕಣ್ಣಿಗೇನೂ ಆಗಿಲ್ಲ ಕಣೋ. ಆಗಿರೋದು ಇಲ್ಲಿ. ಗೂಡು ಕೆಟ್ಟದಾಗಿ ಕೊರೆದಿದ್ದೆ. ಆ ಜಿಂಕೆ ನರಳಿದ್ದು ನನ್ನಿಂದ."

ಒಂದೇಟು ಆ ಕೈಗಳನ್ನು ನೋಡಿದ, ಅಚ್ಚನ್ನು ನೋಡಿದ, ಮತ್ತೆ ಕೈಗಳನ್ನು ನೋಡಿದ. ಮುಖ ಒಂದು ಗಳಿಗೆ ಕಲ್ಲಾಗಿತ್ತು. ಆಮೇಲೆ ಸ್ಟೂಲು ಎಳೆದು ಕೂತು ತನ್ನ ದೊಡ್ಡ ಕೈಯನ್ನು ಅವುಗಳ ಮೇಲಿಟ್ಟ.

"ಹೆಂಡ್ತಿ ಬಟ್ಟೆ ಉಳೀತು ಬಿಡು," ಎಂದ. ಕೋವಿಯ ಕಡೆ ತಿರುಗಿ, "ಸರಿ, ಇನ್ನು ಯಾರು ಮಾಡ್ತಾರೆ ಇದನ್ನ?" ಎಂದು ಕೇಳಿದ.

ಅಪ್ಪ ರೀಮರನ್ನು ಮೇಜಿನ ಮೇಲೆ ಲೇತಿನ ಕಡೆಗೆ ಉರುಳಿಸಿದ.

ಅಗಲವಾದ ಗೂಡಿನ ಬಾಯಿ ಹೋಗುವಂತೆ ನಳಿಗೆಯ ಬುಡವನ್ನು ಒಂದಂಗುಲ ಕತ್ತರಿಸಿ, ಲೇತಿಗೆ ಕೂರಿಸುವಷ್ಟರಲ್ಲಿ ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿತ್ತು. ಒಂದೇಟು ಸ್ಟೂಲು ಬಿಟ್ಟು ಏಳಲಿಲ್ಲ. ಅವಳು ರೀಮರನ್ನು ಸಡಿಲವಾಗಿ ಹಿಡಿದಳು. ನಳಿಗೆ ನಿಧಾನವಾಗಿ ತಿರುಗತೊಡಗಿತು. ರೀಮರು ತೂತನ್ನು ಹುಡುಕುತ್ತಿರುವುದು ಬೆರಳಿಗೆ ತಿಳಿಯುತ್ತಿತ್ತು. ಪಕ್ಕದಲ್ಲಿ ಅಪ್ಪ ಎಣ್ಣೆ ಡಬ್ಬಿ ಹಿಡಿದು ಬಾಗಿ ನಿಂತಿದ್ದ. ಅವನ ಕೈ ನಡುಗಿದಾಗಲೆಲ್ಲ ಒಂದೊಂದೇ ಹನಿ ಉಕ್ಕಿನ ಮೇಲೆ ಬೀಳುತ್ತಿತ್ತು. ಒಂದು ಹನಿ ತಪ್ಪಿ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.