ಬೆಳ್ಳಿಯೂರಿಗೆ ಹೋದ ಕುಲಾವಿ

ನಾನು ಒಂದು ಕುಲಾವಿ. ಕೂಸಿನ ತಲೆಗೆ ಹೊದಿಸಿ ಗದ್ದದ ಕೆಳಗೆ ಲಾಡಿ ಕಟ್ಟುತ್ತಾರಲ್ಲ, ಆ ಟೊಪ್ಪಿಗೆ. ‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ’ ಎಂದು ಜನ ನಮ್ಮನ್ನು ನೆನೆಯುವುದೇ ನಗೆಯಾಡಲು. ನನ್ನ ಮಟ್ಟಿಗೆ ಆ ಮಾತು ಸಲ್ಲದು. ನನ್ನನ್ನು ಹೊಲಿದ ಕಾಳವ್ವಜ್ಜಿ ಅಪಶಕುನಕ್ಕೆ ಹೆದರಿ, ಮಗಳು ನಿಂಬೆವ್ವ ಹಡೆಯುವ ತನಕ ಸೂಜಿ ಮುಟ್ಟಲಿಲ್ಲ. ಗುಳೇದಗುಡ್ಡದ ಕೆಂಪು ಖಣ, ಹಸಿರು ಅಂಚು, ಒಳಗೆ ಅಜ್ಜಿಯ ಹಳೇ ಸೀರೆಯ ಮೆತ್ತನೆ ಅಸ್ತರ, ನೆತ್ತಿಯ ಮೇಲೊಂದು ಹಳದಿ ಗೊಂಡೆ. ಹೊಗಳಿಕೊಳ್ಳಬಾರದು, ಆದರೆ ತೊಟ್ಟಿಲಿಗೆ ಹಾಕಿದ ದಿನ ಬಂದವರೆಲ್ಲ ಕೂಸಿಗಿಂತ ಮೊದಲು ನನ್ನನ್ನೇ ಮುಟ್ಟಿ ನೋಡಿದರು.

ಕೂಸಿಗೆ ಶಿವಗಂಗಾ ಎಂದು ಹೆಸರಿಟ್ಟರು. ಹಾಲು, ಎಣ್ಣೆ, ಲೋಬಾನದ ಹೊಗೆ ಸೇರಿದ ಅವಳ ತಲೆಯ ವಾಸನೆ ನನಗೂ ಹತ್ತಿತು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಇನ್ನೂ ಕತ್ತು ನಿಲ್ಲುವ ಮೊದಲೇ ಜ್ವರ ಬಂದು ಕೂಸು ಹೋಯಿತು.

ನಮ್ಮ ಮಂದಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಕೊಡುತ್ತಾರೆ. ಹಡೆದವಳು ಮಾತ್ರ ಮಣ್ಣು ಕೊಡುವಲ್ಲಿಗೆ ಹೋಗುವಂತಿರಲಿಲ್ಲ. ಕೂಸಿನ ಬಟ್ಟೆಬರೆಯೆಲ್ಲ ಕೂಸಿನ ಜೊತೆಗೇ ಹೋಗಬೇಕೆಂದು ಅತ್ತೆ ಗಂಟು ಕಟ್ಟಿದಳು. ನನ್ನನ್ನೂ ಹುಡುಕಿದಳು, ಸಿಗಲಿಲ್ಲ. ಆ ವಾಸನೆಯಾದರೂ ತನಗೆ ಉಳಿಯಲಿ ಎಂದು ನಿಂಬೆವ್ವ ನನ್ನನ್ನು ಕುಬಸದೊಳಗೆ ಅಡಗಿಸಿಕೊಂಡಿದ್ದಳು. ಗಂಡಸರು ಕೂಸನ್ನು ಎತ್ತಿಕೊಂಡು ಹೋದ ಮೇಲೆ ಅವಳಿಗೆ ಹೊಳೆಯಿತು. ಮಾಗಿಯ ಚಳಿ, ಮಗಳು ಬರಿದಲೆಯಲ್ಲಿ ಹೋದಳು. ಆಗ ಅವಳು ಅತ್ತ ಅಳು ನನ್ನ ಅಸ್ತರಕ್ಕೆಲ್ಲ ಇಳಿಯಿತು.

ಗಂಡ ಸಂಗನಬಸಪ್ಪನವರು ಬಾಗಲಕೋಟೆಯ ಕಾಲೇಜಿನಲ್ಲಿ ಇತಿಹಾಸದ ಮಾಸ್ತರರು. “ಆಕೀನ್ನ ಎಲ್ಲಿ ಇಟ್ಟೀರಿ?” ಎಂದು ನಿಂಬೆವ್ವ ಕೇಳಿದಾಗಲೆಲ್ಲ “ಹಳ್ಳದ ದಂಡ್ಯಾಗ” ಎನ್ನುತ್ತಿದ್ದರು. ಯಾವ ರಾಜನ ಗೋರಿ ಎಲ್ಲಿದೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲವರು, ಮಗಳ ಮಾತು ಬಂದರೆ ಪೇಪರು ಅಗಲ ಮಾಡಿ ಮುಖಕ್ಕೆ ಹಿಡಿಯುತ್ತಿದ್ದರು.

ಮತ್ತೆ ನಿಂಬೆವ್ವನ ಮಡಿಲು ತುಂಬಲಿಲ್ಲ. ನಾನು ಟ್ರಂಕಿನ ತಳದಿಂದ ಅವಳ ಪರ್ಸಿಗೆ ಬಂದೆ. ಗಂಡನಿಗೆ ಗೊತ್ತಿಲ್ಲದಂತೆ ಕೂಡಲಸಂಗಮ ನೋಡಿದೆ, ಶ್ರೀಶೈಲ ನೋಡಿದೆ. ಹೊಳೆಗೆ ಬಿಡಬೇಕೆಂದು ತೆಗೆಯುತ್ತಿದ್ದಳು, ಬಿಡಲಾರದೆ ಮತ್ತೆ ಮಡಚುತ್ತಿದ್ದಳು. ಮಗಳು ಎಲ್ಲಿದ್ದಾಳೋ ಅಲ್ಲೇ ನನ್ನನ್ನು ಮುಟ್ಟಿಸಬೇಕು ಎಂಬುದೊಂದೇ ಅವಳ ಆಸೆಯಾಗಿತ್ತು.

ಮಾಸ್ತರರಿಗೆ ಬೇರೊಂದು ಆಸೆ. ಮೆಕ್ಸಿಕೋದ ಬೆಳ್ಳಿ ಲೋಕವನ್ನೆಲ್ಲ ಸುತ್ತಿದ ಕತೆಯನ್ನು ಪಾಠ ಹೇಳಿ ಹೇಳಿ, ಆ ಬೆಳ್ಳಿ ಅಗೆದ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು. ಇಬ್ಬರ ತಲೆಯೂ ಪೂರ್ತಿ ಬೆಳ್ಳಗಾದ ಮೇಲೆ ಪ್ರವಾಸದ ಗುಂಪೊಂದನ್ನು ಸೇರಿ ಹೊರಟರು. ಊರಿನ ಹೆಸರು ಗ್ವಾನಾಹ್ವಾತೊ. ಗುಡ್ಡದ ಮೈಗೆ ಗುಲಾಬಿ, ಹಳದಿ, ನೀಲಿ ಮನೆಗಳು. ಸ್ಪೇನಿನವರ ಕಾಲದ ಚರ್ಚುಗಳ ಒಳಗೆಲ್ಲ ಚಿನ್ನದ ಲೇಪ. ಹಿಂದೆ ಹೊಳೆ ಹರಿಯುತ್ತಿದ್ದ ಸುರಂಗಗಳಲ್ಲಿ ಈಗ ಕಾರುಗಳು. ಮಾಸ್ತರರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎರಡು ಮನೆಗಳ ಬಾಲ್ಕನಿ ಒಂದಕ್ಕೊಂದು ತಾಗುವಷ್ಟು ಇಕ್ಕಟ್ಟಿನ ಸಂದಿಯೊಂದಿತ್ತು. “ಇಲ್ಲಿ ಮೆಟ್ಟಲ ಮ್ಯಾಲ ನಿಂತು ಜೋಡಿ ಮುತ್ತು ಕೊಡದಿದ್ರ ಏಳು ವರ್ಷ ಕೇಡಂತ” ಎಂದು ಮಾಸ್ತರರು ನಕ್ಕರು.

“ಆಗೋ ಕೇಡೆಲ್ಲಾ ಆಗೇತಿ, ನಡೀರಿ” ಎಂದಳು ನಿಂಬೆವ್ವ.

ಕೊನೆಗೆ ಒಣಹೆಣಗಳ ಮ್ಯೂಸಿಯಂ. ಆ ಊರಿನ ಒಣ ಗೋರಿಗಳಲ್ಲಿ ಕೆಲವು ಹೆಣಗಳು ಕೊಳೆಯದೆ ಹಾಗೇ ಉಳಿದವಂತೆ, ತೆಗೆದು ಗಾಜಿನೊಳಗೆ ಇಟ್ಟಿದ್ದಾರೆ. ಜನ ಫೋಟೋ ತೆಗೆಯುತ್ತಿದ್ದರು. ಒಂದು ಗಾಜಿನೊಳಗೆ ಕೈಗೂಸು. ಹಬ್ಬದ ಬಟ್ಟೆ, ಗದ್ದದ ಕೆಳಗೆ ಲಾಡಿ ಕಟ್ಟಿದ ಟೊಪ್ಪಿಗೆ. ಇಲ್ಲಿ ತೀರಿಹೋದ ಕೂಸನ್ನು ‘ಆಂಗೆಲಿತೊ’, ಪುಟ್ಟ ದೇವದೂತ, ಎನ್ನುತ್ತಾರೆ, ಹೀಗೇ ಸಿಂಗರಿಸಿ ಕಳಿಸುತ್ತಾರೆ ಎಂದ ಗೈಡ್. ಗುಂಪು ಮುಂದೆ ಹೋಯಿತು. ನಿಂಬೆವ್ವ ಅಲ್ಲೇ ನಿಂತು ಪರ್ಸು ತೆರೆದು ನನ್ನನ್ನು ಹೊರತೆಗೆದಳು.

ಅವಳನ್ನು ಹುಡುಕುತ್ತ ಹಿಂದಕ್ಕೆ ಬಂದ ಮಾಸ್ತರರು ನನ್ನನ್ನು ಕಂಡರು. “ಇದು ಎಲ್ಲಿತ್ತು?”

“ನಾನ ಮುಚ್ಚಿಟ್ಟಿದ್ದೆ. ಮಗಳನ್ನ ಬರಿದಲಿಲೆ ಕಳಿಸಿದಾಕಿ ನಾನ. ಈಗರೆ ಹೇಳ್ರಿ, ಹಳ್ಳದ ದಂಡ್ಯಾಗ ಎಲ್ಲಿ? ಯಾ ಗಿಡದ ಬುಡಕ?”

“ನಂಗ ಗೊತ್ತಿಲ್ಲ, ನಿಂಬಿ.”

“ಗೊತ್ತಿಲ್ಲಂದ್ರ?”

“ಹಳ್ಳಕ್ಕ ಇಳಿಯೂ ಧೈರ್ಯ ಆಗ್ಲಿಲ್ಲ. ಕೂಸನ್ನ ಕಾಕಾನ ಕೈಯಾಗ ಕೊಟ್ಟು ಹೊಳ್ಳಿ ಬಂದು ಗುಡಿ ಮುಂದಿನ ಕಟ್ಟಿ ಮ್ಯಾಲ ಕುಂತೆ. ಮಣ್ಣು ಸೈತ ಕೊಡ್ಲಿಲ್ಲ. ಕಾಕಾನ್ನ ಕೇಳಾಕ ನಾಚಿಕಿ ಬಂತು. ಅಂವಾ ಸತ್ತ. ಆಮ್ಯಾಲ ಹಳ್ಳಾನೂ ಹಿನ್ನೀರಾಗ ಮುಳುಗಿತು.” ಮಾಸ್ತರರು ಗಾಜಿಗೆ ಹಣೆಯೂರಿ ಅತ್ತರು.

ನಿಂಬೆವ್ವ ಬೈಯಲಿಲ್ಲ. “ಹಂಗಾದ್ರ ಆಕೀಗೆ ಅವ್ವನ ಕುಲಾವಿ ಸಿಗ್ಲಿಲ್ಲ, ಅಪ್ಪನ ಮಣ್ಣೂ ಸಿಗ್ಲಿಲ್ಲ” ಎಂದಳು. ಅಷ್ಟೇ ಹೇಳಿ ಹೊರಗೆ ನಡೆದಳು.

ಮ್ಯೂಸಿಯಂ ಪಕ್ಕದಲ್ಲೇ ಊರಿನ ಗೋರಿಗಳ ಅಂಗಳ. ಬಾಗಿಲಲ್ಲಿ ಒಬ್ಬ ಮುದುಕಿ ಬುಟ್ಟಿ ಇಟ್ಟುಕೊಂಡು ಚೆಂಡುಹೂವು ಮಾರುತ್ತಿದ್ದಳು. ನಿಂಬೆವ್ವನ ಮುಖ ನೋಡಿದಳು, ಅವಳ ಕೈಯಲ್ಲಿದ್ದ ನನ್ನನ್ನು ನೋಡಿದಳು. “ಆಂಗೆಲಿತೊ?” ಎಂದಳು. ಆಗಷ್ಟೇ ಕಲಿತ ಆ ಒಂದು ಮಾತಿಗೆ ನಿಂಬೆವ್ವ ತಲೆಯಾಡಿಸಿದಳು. ಮುದುಕಿ ಅವಳ ಮಣಿಕಟ್ಟು ಹಿಡಿದು ಕೂಸುಗಳನ್ನು ಹೂತ ಮೂಲೆಗೆ ಕರೆದೊಯ್ದಳು. ಪುಟ್ಟದೊಂದು ದಿಬ್ಬ ತೋರಿಸಿ ತನ್ನ ಹೊಟ್ಟೆ ಮುಟ್ಟಿಕೊಂಡಳು. ದಿಬ್ಬದ ಮಗ್ಗುಲಿನ ನೆಲವನ್ನು ಅಂಗೈಯಿಂದ ತಟ್ಟಿ, ಇಲ್ಲಿ ಜಾಗ ಇದೆ ಎನ್ನುವಂತೆ ಸರಿದು ನಿಂತಳು.

“ಬರ್ರಿ, ಈಗರೆ ಮಣ್ಣು ಕೊಡ್ರಿ” ಎಂದಳು ನಿಂಬೆವ್ವ, ಹಿಂದೆಯೇ ಬಂದಿದ್ದ ಗಂಡನಿಗೆ.

ಮಾಸ್ತರರು ಮೊಣಕಾಲೂರಿ ಬೆರಳಿನಿಂದಲೇ ಕೆದರಿದರು. ನೆಲ ಗಟ್ಟಿ, ಉಗುರಿನ ಸಂದಿಯಲ್ಲಿ ರಕ್ತ ಬಂತು. ನನ್ನನ್ನು ಇಡಲು ಹೋದಾಗ ನಿಂಬೆವ್ವ ತಡೆದಳು. “ಖಾಲಿ ಇಡಬ್ಯಾಡ್ರಿ.” ಬೊಗಸೆ ಮಣ್ಣನ್ನು ನನ್ನೊಳಗೆ ತುಂಬಿದಳು, ಮೆಲ್ಲಗೆ ಒತ್ತಿ ದುಂಡಗೆ ಮಾಡಿದಳು, ಬಿಗಿಯಾಗದಂತೆ ನೋಡಿ ಲಾಡಿ ಕಟ್ಟಿದಳು. ಗಂಡನ ಅಂಗೈಯಲ್ಲಿ ಇಟ್ಟಳು. ಅವರು ನನ್ನ ಅಡಿಗೆ ಇನ್ನೊಂದು ಕೈಯನ್ನೂ ಕೊಟ್ಟು, ತುಂಬಾ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಈ ಸಲ ಯಾರ ಕೈಗೂ ಕೊಡಲಿಲ್ಲ. ಅವರೇ ಇಟ್ಟು, ಅವರೇ ಮುಚ್ಚಿದರು. ನಿಂಬೆವ್ವ ಮುದುಕಿಯ ಬುಟ್ಟಿಯ ಹೂವು ತಂದು ಎರಡೂ ದಿಬ್ಬಗಳಿಗೆ ಹಾಕಿದಳು. ಬಸ್ಸಿನ ಹಾರ್ನ್ ಕೇಳಿತು, ಹೋದರು.

ಈಗ ನನಗೆ ಮುಪ್ಪು. ಖಣದ ಕೆಂಪು ಬಣ್ಣ ಮಣ್ಣಿಗೆ ಇಳಿದಿದೆ, ಅಂಚು ಎಳೆಎಳೆಯಾಗಿದೆ. ಅವರಿಬ್ಬರೂ ಇಷ್ಟು ದೂರ ಮತ್ತೆ ಬರಲಾರರು. ಒಬ್ಬರಿಗೊಬ್ಬರು ಹೇಳಿಕೊಂಡು ಒಂದಿಷ್ಟು ಹಗುರಾಗಿರಬಹುದು, ಆಗಿರಲಿ. ನನಗೆ ಮಾತ್ರ ಸಮಾಧಾನವಿಲ್ಲ. ಎಳೆಗೂಸಿನ ನೆತ್ತಿ ಸದಾ ಮಿಡಿಯುತ್ತಿರುತ್ತದೆ. ತಾಯಿ ಮಲಗಿದ್ದಾಗಲೂ ಕುಲಾವಿಗೆ ಅದು ಗೊತ್ತಾಗುತ್ತಿರುತ್ತದೆ. ನನ್ನೊಳಗಿನ ಈ ಮಣ್ಣು ತಲೆಯಷ್ಟೇ ದುಂಡಗಿದೆ, ತಲೆಯಷ್ಟೇ ಭಾರವಿದೆ. ಮಿಡಿಯುವುದಿಲ್ಲ.