ಜಗಲಿ ಏರಿದ ಜಾರುಹಲಗೆ

ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳು ಬಳೆ ತರುತ್ತಾರೆ, ಸೀರೆ ತರುತ್ತಾರೆ, ಕಂಕುಳಲ್ಲೊಂದು ಕೂಸು ತರುತ್ತಾರೆ. ತೊಂಬತ್ತೊಂದರ ಪಂಚಮಿಗೆ ತನ್ನೂರು ಕಿಣ್ಣಿ ಸುಲ್ತಾನಕ್ಕೆ ಬಂದ ಶಿವಕಾಂತಾ ಒಂದು ಹಲಗೆ ತಂದಳು. ಹಳೆಯ ದುಪ್ಪಟಿಯಲ್ಲಿ ಸುತ್ತಿ, ಆಳಂದದ ಬಸ್ಸಿನಲ್ಲಿ ಎದೆಗೊರಗಿಸಿಕೊಂಡೇ ತಂದಳು.

ಚಿತ್ರಕಲೆ ಓದಿದ ಅವಳು ಪುಣೆಯ ಒಂದು ಕಾರ್ಖಾನೆ ಸೇರಿದ್ದಳು. ಹಿಮದ ಮೇಲೆ ಜಾರುವ ಆಟದ ಹಲಗೆಗಳನ್ನು ಮಾಡಿ ಜರ್ಮನಿಗೆ ಕಳಿಸುವ ಕಾರ್ಖಾನೆ ಅದು. ಹಲಗೆಗಳ ಮೇಲೆ ಚಿತ್ರ ಬರೆಯುವುದು ಅವಳ ಕೆಲಸ. ಮಾಲೀಕ ದೌಲತರಾಯ ಅಕ್ಕಲಕೋಟೆ ಕಡೆಯವನು, ಹಿಮವನ್ನು ಅವನೂ ಕ್ಯಾಲೆಂಡರಿನಲ್ಲೇ ಕಂಡಿದ್ದ. “ಜರ್ಮನಿಯವರಿಗೆ ಕೈಲಾಸ ಬರೆದುಕೊಡು. ಈ ಹಲಗೆ ಪಾಸಾದರೆ ನೌಕರಿ ಕಾಯಂ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊ” ಎಂದಿದ್ದ.

ಶಿವಕಾಂತಾ ಮನಸ್ಸಿಟ್ಟು ಬರೆದಳು. ನೀಲಿ ನೆರಳಿನ ಬೆಟ್ಟ, ಅದರ ತುದಿಯಲ್ಲಿ ಅರೆಗಣ್ಣು ಮುಚ್ಚಿದ ಶಿವ. ನಂದಿಗೆ ಮಾತ್ರ ಅವಳಿಗೆ ಬೇರೆ ಮುಖ ಹೊಳೆಯದೆ, ಮನೆಯ ಮುದಿ ಎತ್ತಿನ ಮುಖವನ್ನೇ ಇಟ್ಟಳು. ಸೋಮವಾರ ಸಾಹೇಬನ ಮುಂದಿಡುವ ಮೊದಲು ಅವ್ವನಿಗೆ ತೋರಿಸದಿದ್ದರೆ ಜೀವ ತಡೆಯದು.

ಅವ್ವ ಗಂಗಾಬಾಯಿ ಒಲೆಯ ಮುಂದೆ ಕೂತು ಅಳ್ಳು ಹುರಿಯುತ್ತಿದ್ದಳು. ಜೋಳದ ಕಾಳು ಪಟಪಟ ಸಿಡಿದು ಬೆಳ್ಳಗೆ ಅರಳುತ್ತಿತ್ತು. ಹಲಗೆಯನ್ನು ಗೋಡೆಗೆ ಒರಗಿಸಿ ದುಪ್ಪಟಿ ತೆಗೆದದ್ದೇ, ಗಂಗಾಬಾಯಿ ಎದ್ದು ತಲೆಯ ಮೇಲೆ ಸೆರಗೆಳೆದುಕೊಂಡು ಕೈ ಮುಗಿದಳು.

“ಯಪ್ಪಾ ಶಿವನೇ… ಎಷ್ಟ ತಣ್ಣಗ ಕುಂತಾನ ನೋಡು.” ಆಮೇಲೆ ಬಗ್ಗಿ ನೋಡಿ ನಕ್ಕಳು. “ಅಲ್ಲಬೇ, ಇದು ನಮ್ಮ ಎತ್ತಿನ ಮಾರಿ! ಕೈಲಾಸಕ್ಕ ಅದ್ಯಾವಾಗ ಹೋಯ್ತು?”

ನಡುಗೋಡೆಯ ಆಚೆಯಿಂದ ನೆರೆಮನೆಯ ಮದೀನಾಬಿಯ ತಲೆ ಎದ್ದಿತು. ಓಣಿಯಲ್ಲಿ ಏನೇ ನಡೆದರೂ ಮೊದಲು ಏಳುವ ತಲೆ ಅದು.

“ಗಂಗಕ್ಕಾ, ಏನ ತಂದಾಳ ನಿನ್ನ ಮಗಳು? ಇಸ್ತ್ರಿ ಹಲಗೀನ? ನಾ ಅಳಿಯನ್ನ ತರ್ತಾಳ ಅಂತ ಕಾಯಾಕತ್ತೇನಿ, ಇವಳು ಕಟಗಿ ತಂದಾಳ!”

“ಬರ್ಫದ ಮ್ಯಾಲ ಜಾರೂದು, ಖಾಲಾ.”

“ಬರ್ಫ ಅಂದ್ರ ಶರಬತ್ತಿಗಿ ಹಾಕ್ತಾರಲ್ಲ, ಅದಾ?”

“ಅದೇ. ಆದ್ರ ಗುಡ್ಡ ಗುಡ್ಡನ ಇರ್ತದ. ಈ ಅಳ್ಳಿನ ರಾಶಿ ಹಂಗ ಮೆತ್ತಗ.”

“ಜಾರೂದು ಹ್ಯಾಂಗ? ಕುಂತಾ, ಮಕ್ಕೊಂಡಾ?”

“ನಿಂತು, ಖಾಲಾ. ತೋರಸ್ತೇನಿ ತಡೀರಿ.”

ಶಿವಕಾಂತಾ ಹಲಗೆಯನ್ನು ಪಡಸಾಲೆಯ ನೆಲದ ಮೇಲೆ ಮಲಗಿಸಿದಳು. ಸೀರೆಯ ನಿರಿಗೆ ಎತ್ತಿಕೊಂಡು ಬಲಗಾಲು ಮುಂದಿಟ್ಟಳು.

ಕಾಲು ಇಳಿಯಲಿಲ್ಲ.

ಕೆಳಗೆ ಶಿವ ಅರೆಗಣ್ಣು ಮುಚ್ಚಿ ಕೂತಿದ್ದ. ಪಾದ ಅವನ ಜಟೆಯ ಮೇಲೆ, ಗೇಣಿನ ಎತ್ತರದಲ್ಲಿ ನಿಂತುಬಿಟ್ಟಿತು. ಕಾರ್ಖಾನೆಯಲ್ಲಿ ಹಲಗೆಗಳೆಲ್ಲ ಗೋಡೆಗೆ ಒರಗಿಯೇ ಇರುತ್ತಿದ್ದವು. ಮೇಜಿನ ಮೇಲೆ ಬರೆದದ್ದು, ಗೋಡೆಯ ಮೇಲೆ ನೋಡಿದ್ದು. ಮನುಷ್ಯರು ಬೂಟು ಹಾಕಿಕೊಂಡು ಇದರ ಮೇಲೆ ನಿಲ್ಲುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಕಾಲಿಗೆ ಗೊತ್ತಾದದ್ದು ಈಗ.

ಗಂಗಾಬಾಯಿ ಬಂದು ಹಲಗೆಯನ್ನು ಎರಡೂ ಕೈಯಿಂದ ಎತ್ತಿ, ಸೆರಗಿನಿಂದ ಒರೆಸಿ, ದೇವರ ಜಗಲಿಯ ಮೇಲೆ ನಿಲ್ಲಿಸಿ ವಿಭೂತಿ ಹಚ್ಚಿದಳು.

“ಯವ್ವಾ, ಸೋಮವಾರ ಅದನ್ನ ಕೊಡಬೇಕು. ಇಲ್ಲಂದ್ರ ನೌಕರಿ ಹೋಗ್ತದ.”

“ಒಯ್ಯಿ. ನಾ ಬ್ಯಾಡ ಅಂದೇನೇನು? ಬ್ಯಾಡ ಅಂದಿದ್ದು ನಿನ್ನ ಕಾಲು. ಅದರ ಜೋಡಿ ನೀನ ಮಾತಾಡ್ಕೋ.”

ಹೇಳಿ, ಮತ್ತೆ ಒಲೆಯ ಮುಂದೆ ಕೂತಳು. ಬೈದಿದ್ದರೆ ಮಗಳು ವಾದ ಮಾಡಬಹುದಿತ್ತು. ಬೈಯದ ತಾಯಿಯ ಜೊತೆ ಏನು ವಾದ? ಶಿವಕಾಂತಾ ಹೊರಗಿನ ಕಟ್ಟೆಯ ಮೇಲೆ ಕೂತು ತನ್ನ ಕಾಲನ್ನೇ ನೋಡಿಕೊಂಡಳು. ನೌಕರಿ ಬಿಡಲು ಮನಸ್ಸಿಲ್ಲ. ಬಣ್ಣದ ವಾಸನೆಯ ಆ ಕೋಣೆಯನ್ನು ಅವಳು ಮನೆಯಷ್ಟೇ ಪ್ರೀತಿಸುತ್ತಿದ್ದಳು. ಹಲಗೆಯನ್ನು ಮತ್ತೆ ದುಪ್ಪಟಿಯಲ್ಲಿ ಸುತ್ತಲೂ ಕೈ ಏಳಲಿಲ್ಲ.

ಹೊತ್ತು ಇಳಿದಾಗ ಗಂಗಾಬಾಯಿ ಅವಳ ಕೈ ಹಿಡಿದು ಬೇವಿನ ಮರದ ಹತ್ತಿರ ಕರೆದೊಯ್ದಳು. ಪಂಚಮಿಯ ಜೋಕಾಲಿ ಕಟ್ಟಿತ್ತು.

“ಏರು. ಮಾರಿ ಯಾಕ ಸಣ್ಣದ ಮಾಡ್ಕೊಂಡೀದಿ? ನಿಂತು ಜಾರ್ತಾರ ಅಂದೆಲ್ಲ, ಹಂಗಾರ ಅವರೂ ಜೋಕಾಲಿ ಆಡೂ ಮಂದೀನ.”

ಶಿವಕಾಂತಾ ರೂಢಿಯಂತೆ ಜೋಕಾಲಿಯ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಅದರ ಮೇಲೆ ಕಾಲಿಟ್ಟಳು. ಈ ಸಲ ಕಾಲು ತಡೆಯದ್ದು ಕಂಡು ಒಂದು ಗಳಿಗೆ ಹಾಗೇ ನಿಂತಳು. ಅವ್ವ ಕೂಡ ದಿನಾ ಬೆಳಗ್ಗೆ ಭೂಮಿ ಮುಟ್ಟಿ ನಮಸ್ಕರಿಸಿಯೇ ಹಾಸಿಗೆಯಿಂದ ಕಾಲು ಇಳಿಸುತ್ತಿದ್ದಳು.

ತಾಯಿ ದೂಡಿದಳು. ಮಗಳು ಜೀಕಿದಳು. ಟೊಂಗೆ ಕಿರ್ರೆಂದಿತು. ಮೇಲಿನ ತುದಿ ಮುಟ್ಟಿದಾಗ ಶಿವಕಾಂತಾ ಕೆಳಗೆ ನೋಡಿದಳು. ಹೆಸರುಕಾಳಿನ ಹೊಲದ ಹಸಿರು ಪಟ್ಟಿ, ಅದರ ಪಕ್ಕ ಕರಿನೆಲ, ಬಂಡಿಯ ಜಾಡು, ಬಾವಿಯ ದುಂಡು ಕಣ್ಣು. ಎಲ್ಲದರ ಮೇಲೂ ಓಡಿ ಹೋಗಿ ಓಡಿ ಬರುವ ಜೋಕಾಲಿಯ ನೆರಳು.

“ಯವ್ವಾ, ನಿಲ್ಲಸು! ಕಾಗದ ಬೇಕು!”

ರವಿವಾರವೆಲ್ಲ ಪಡಸಾಲೆಯಲ್ಲಿ ಬರೆದಳು. ಮೊದಲು ಅಂಗಳದಲ್ಲಿ ಅಳ್ಳಿನ ಮೊರ ಬರೆದಳು. ಅನ್ನ ತುಳಿಯುವುದುಂಟೇ ಎಂದು ಅಳಿಸಿದಳು. ಜೋಕಾಲಿ ದೂಡುವ ಅವ್ವನ ಬೈತಲೆ ಬರೆಯಹೋಗಿ ತಾನೇ ಕೈ ಹಿಂದೆಗೆದಳು.

ಮದೀನಾಬಿ ಗೋಡೆಯ ಮೇಲೆ ಗದ್ದ ಊರಿ ನೋಡುತ್ತಿದ್ದಳು. “ನನ್ನ ಬರೀ ಬೇ. ನನ್ನ ಸೊಸಿ ದಿನಾ ತುಳೀತಾಳ. ಜರ್ಮನಿ ಮಂದಿ ತುಳದ್ರ ಹೊಸದೇನದ!”

“ನಿಮ್ಮನ್ನ ತುಳದ್ರ ಅವರ ಕಾಲ ಉಳೀತಾವೇನ್ರಿ ಖಾಲಾ?”

ಕೊನೆಗೆ ಕಾಗದದ ಮೇಲೆ ಉಳಿದದ್ದು ಜೋಕಾಲಿಯಿಂದ ಕಂಡ ನೆಲ, ಬಾವಿ, ಜಾಡು, ನೆರಳು. ಎರಡೂ ಅಂಚಿನಲ್ಲಿ ಕೆಳಗಿಳಿದ ಎರಡು ಹಗ್ಗ.

ಸೋಮವಾರ ಪುಣೆಯಲ್ಲಿ ದೌಲತರಾಯ ಅವಳು ಹಲಗೆಯಿಲ್ಲದೆ ಬಂದದ್ದು ನೋಡಿದ. “ಕೈಲಾಸ ಎಲ್ಲ್ಯದ?”

“ನಮ್ಮವ್ವನ ಜಗಲಿ ಮ್ಯಾಲ ಅದರೀ.” ನಡೆದದ್ದನ್ನೆಲ್ಲ ಹೇಳಿದಳು. ಅವನ ಮುಖ ಬಿಗಿಯಿತು. ಕಾಗದದ ಸುರುಳಿ ಕಂಡು “ಗೋಡಿಗಿ ಹಚ್ಚು” ಎಂದ.

“ಇಲ್ರಿ ಸಾಹೇಬ್ರ. ಇದನ್ನ ಮ್ಯಾಲ ನಿಂತು ನೋಡಬೇಕ್ರಿ.”

ನೆಲದ ಮೇಲೆ ಬಿಡಿಸಿಟ್ಟಳು. ದೌಲತರಾಯ ಅನುಮಾನದಿಂದಲೇ ಹತ್ತಿ ನಿಂತು ಕೆಳಗೆ ನೋಡಿದ. ನೋಡಿದವನ ಕೈ ತಾನಾಗಿ ಹೋಗಿ ಮೇಜಿನ ಅಂಚು ಹಿಡಿಯಿತು.

“ಅಬಬಬ! ಎಷ್ಟ ಎತ್ತರಕ್ಕ ಒಯ್ದಿ ಬೇ ನನ್ನ!” ಇಳಿಯದೆ ಅಲ್ಲೇ ನಿಂತ. “ನಮ್ಮ ಆಯಿ ಜೋಕಾಲಿ ಹಿಂಗ ದೂಡತಿದ್ಳು. ಬ್ಯಾಡ ಬ್ಯಾಡ ಅಂದಷ್ಟೂ ದೂಡತಿದ್ಳು.” ಕಣ್ಣು ಒರೆಸಿಕೊಂಡು ಇಳಿದ. “ಹೋಗು, ಬಣ್ಣ ತಗೋ. ಇನ್ಮ್ಯಾಲ ಆ ಕಿಟಕಿ ಕಡೆ ಮೇಜು ನಿಂದು.”

“ಮತ್ತ ಆ ಹಲಗಿ, ಸಾಹೇಬ್ರ?”

“ಅಲ್ಲೇ ಇರಲಿ. ತಿರುಗಿ ತಂದ್ರ ಯಾರ ತುಳೀಬೇಕು, ನಾನಾ?”

ಹಾಗೆ ಜರ್ಮನಿಗೆ ಹೋಗಬೇಕಾದ ಕೈಲಾಸ ಕಿಣ್ಣಿ ಸುಲ್ತಾನದಲ್ಲಿ ಉಳಿಯಿತು. ದಿನಾ ಇಷ್ಟಲಿಂಗದ ಪೂಜೆ ಮುಗಿಸಿದ ಮೇಲೆ ಗಂಗಾಬಾಯಿ ಅದಕ್ಕೂ ಎರಡು ಹೂ ಇಡುತ್ತಾಳೆ. ಒಂದನ್ನು ಶಿವನಿಗೆ, ಇನ್ನೊಂದನ್ನು ಎತ್ತಿಗೆ. ನಡುಗೋಡೆಯ ಆಚೆಯಿಂದ ಮದೀನಾಬಿ ಕೂಗುತ್ತಾಳೆ:

“ಗಂಗಕ್ಕಾ, ನಿನ್ನ ದೇವ್ರು ಜಾರೂ ಹಲಗಿ ಮ್ಯಾಲ ಕುಂತಾನ, ಗಟ್ಟಿ ಹಿಡಕೋ!”